ಗಸಗಸೆ ಹಾಲು, ಇಳಿಯದ ಚೆಂಡು

ತೌತ್ವಿದಾಸ್ ಒಂಬತ್ತು ವರ್ಷದವನಾಗಿದ್ದಾಗ ಕೊಟ್ಟಿಗೆಯ ಗೋಡೆಗೆ ಜಡಿದಿದ್ದ ಬ್ಯಾಸ್ಕೆಟ್‌ಬಾಲ್ ಬಳೆಯ ಕಡೆಗೆ ಎಸೆದ ಚೆಂಡು ಇವತ್ತಿನವರೆಗೂ ಕೆಳಗೆ ಬಂದಿಲ್ಲ. ಇಪ್ಪತ್ತಾರು ವರ್ಷವಾಯಿತು. ಪ್ರತಿ ಮಾರ್ಚಿಯಲ್ಲಿ ಲಿಥುವೇನಿಯಾಕ್ಕೆ ಮರಳುವ ಕೊಕ್ಕರೆಗಳು ನಮ್ಮ ಸರೋವರದ ಮೇಲೆ ಬಂದಾಗ ಒಂದು ಕಡೆ ಸುಮ್ಮಸುಮ್ಮನೆ ಪಕ್ಕಕ್ಕೆ ಸರಿದು ಹಾರುತ್ತವಲ್ಲ, ಅದು ಆ ಚೆಂಡಿಗೆ ತಲೆ ತಗುಲದಿರಲಿ ಎಂದು. ನಂಬದವರು ಮಾರ್ಚಿಯಲ್ಲಿ ಬಂದು ಕತ್ತೆತ್ತಿ ನೋಡಲಿ. ಟೋಪಿ ಹಿಡಿದುಕೊಂಡು ನೋಡಲಿ.

ಅಂಥ ಕೈಯ ಹುಡುಗ ಎರಡು ಮೀಟರ್ ಹನ್ನೊಂದು ಸೆಂಟಿಮೀಟರ್ ಬೆಳೆದ. ಇನ್ನೂ ಬೆಳೆಯುತ್ತಿದ್ದನೇನೋ, ಮನೆಯ ಸೂರು ಅಡ್ಡ ಬಂತು. ಹದಿನಾರು ವರ್ಷ ಆರು ದೇಶಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ರೊಟ್ಟಿ ಸಂಪಾದಿಸಿದ. ಟರ್ಕಿಯಲ್ಲಿ ಅವನ ಹೆಸರಿನ ಒಂದು ಬೀದಿ ಇದೆ. ಗ್ರೀಸಿನಲ್ಲಿ ಬೀದಿ ಕೊಡುತ್ತೇವೆ ಎಂದಾಗ ಬೇಡ ಎಂದ, ಅವರು ಬೆಟ್ಟ ಕೊಟ್ಟರು. ಮೂವತ್ತನಾಲ್ಕಕ್ಕೆ, ಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟತೊಡಗಿದ ಮೇಲೆ, ನಮ್ಮೂರಿನ ‘ಕೊಕ್ಕರೆಗಳು’ ಎಂಬ ತಂಡಕ್ಕೆ ಮರಳಿದ. ತಂಡದವರು ಹೇಳಿದ್ದು ಇಷ್ಟು: ಈ ವರ್ಷ ಆಡು, ಮಾರ್ಚಿ ಒಂದರಂದು ಇನ್ನೆರಡು ವರ್ಷಕ್ಕೆ ಸಹಿ ಹಾಕೋಣ, ಆಮೇಲೆ ಊರಿನ ಮಕ್ಕಳಿಗೆ ಆಟ ಕಲಿಸುವ ಕೆಲಸ ನಿನ್ನದೇ. ಚೆಂಡು ಬಿಟ್ಟರೆ ಬೇರೇನೂ ಹಿಡಿಯಲು ಗೊತ್ತಿಲ್ಲದ ಮನುಷ್ಯನಿಗೆ ಇದಕ್ಕಿಂತ ಬೇಕಾದದ್ದೇನು?

ಇಂಥವನು ಒಂದು ಚಳಿಗಾಲ ಹೆದರಿದ. ಎಷ್ಟು ಹೆದರಿದನೆಂದರೆ ಅವನ ಎದೆಬಡಿತ ಲಾಟ್ವಿಯಾದ ಗಡಿಯವರೆಗೂ ಕೇಳಿಸಿ, ಆಚೆ ಕಡೆಯ ಕಾವಲಿನವರು ಎದ್ದು ಕೂತರು. ಅವನನ್ನು ಹೆದರಿಸಿದ್ದು ಎದುರಾಳಿಯಲ್ಲ. ಒಂದು ಬಟ್ಟಲು ಗಸಗಸೆ ಹಾಲು.

ಡಿಸೆಂಬರ್ ಇಪ್ಪತ್ತರಂದು ತಂಡದ ಡಾಕ್ಟರ್ ಬೂಟ್ಕುಸ್ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ಹೇಳಿದ್ದ. ಬೂಟ್ಕುಸ್ ಸಿಡುಕ, ಆದರೆ ಕೆಟ್ಟವನಲ್ಲ.

"ನೋಡ್ರಪ್ಪಾ, ಕ್ರಿಸ್‌ಮಸ್ ಹಿಂದಿನ ಸಂಜೆ ಎಲ್ಲರ ಮನೇಲೂ ಗಸಗಸೆ ಹಾಲು ಇರುತ್ತೆ. ಈ ಸಲ ಮುಟ್ಟಬೇಡಿ. ಇಪ್ಪತ್ತಾರಕ್ಕೆ ಮ್ಯಾಚು. ಗಸಗಸೆ ತಿಂದವನ ಮೂತ್ರದಲ್ಲಿ ಅಫೀಮಿನ ಸತ್ವ ಕಾಣಿಸಿಕೊಳ್ಳುತ್ತೆ. ಉದ್ದೀಪನ ಮದ್ದಿನ ಪರೀಕ್ಷೆಯವರು ಅದು ನಿಮ್ಮಮ್ಮನ ಕೈರುಚಿನೋ, ಸೂಜಿಮದ್ದೋ ಅಂತ ಕೇಳೋದಿಲ್ಲ."

"ನಮ್ಮಜ್ಜಿಗೆ ನೀವೇ ಹೇಳಿ ಡಾಕ್ಟ್ರೇ," ಎಂದ ಒಬ್ಬ. "ನಾನು ಹೇಳಿದ್ರೆ ಆಸ್ತಿ ಬೆಕ್ಕಿಗೆ ಬರೀತಾಳೆ."

"ಬೆಕ್ಕಿಗೇ ಬರೀಲಿ. ಎರಡು ವರ್ಷ ನಿಷೇಧ ಅಂದ್ರೆ ನಿಂಗೆ ರಜ. ಅಗೋ ಆ ಮುದುಕನಿಗೆ ಸಮಾಧಿ."

ಮುದುಕ ಎಂದರೆ ತೌತ್ವಿದಾಸ್. ಎಲ್ಲರೂ ನಕ್ಕರು, ಅವನೂ ನಕ್ಕ. ಮುಟ್ಟುವುದಿಲ್ಲ ಎಂಬ ಕಾಗದಕ್ಕೆ ಎಲ್ಲರೂ ಸಹಿ ಹಾಕಿದರು, ಅವನೂ ಹಾಕಿದ.

ಆದರೆ ಅವರ ಯಾರ ತಾಯಿಯೂ ಗೆನೊವೈತೆಯಲ್ಲ. ತೌತ್ವಿದಾಸನ ತಾಯಿ ಗೆನೊವೈತೆಯ ಗಸಗಸೆ ಹಾಲೆಂದರೆ ಜಿಲ್ಲೆಯೇ ಬಾಯಿ ಚಪ್ಪರಿಸುತ್ತದೆ. ನೆನೆಸಿದ ಗಸಗಸೆಯನ್ನು ಮಣ್ಣಿನ ಬೋಗುಣಿಗೆ ಸುರಿದು, ಮರದ ಗುಂಡು ಹಿಡಿದು ಅವಳು ಅರೆಯಲು ಕೂತರೆ ಅಕ್ಕಪಕ್ಕದ ಮನೆಗಳ ಗೋಡೆ ಗಡಿಯಾರ ನಿಂತುಹೋಗುತ್ತಿದ್ದವು. ಬೋಗುಣಿಯ ಕೆಳಗಿನ ನೆಲ ನಲವತ್ತು ವರ್ಷದಲ್ಲಿ ಒಂದು ಗೇಣು ಕುಸಿದಿದೆ. ಇಗರ್ಜಿಯ ಹಾಡುಗಾರ್ತಿಯರ ಮುಂದೆ ಅವಳು ತೋಳು ಮಡಿಸಿ ತೋರಿಸಿದರೆ ಅವರು ಶ್ರುತಿ ತಪ್ಪುತ್ತಾರೆ. ನೋಡುವುದಕ್ಕೂ ಅವಳು ಚೆನ್ನಾಗಿಯೇ ಇದ್ದಾಳೆ; ಎಪ್ಪತ್ತೊಂದು ಎಂದರೆ ಯಾರೂ ನಂಬುವುದಿಲ್ಲ, ಐವತ್ತು ಎಂದರೆ ಒಪ್ಪುತ್ತಾರೆ.

ಕ್ರಿಸ್‌ಮಸ್ ಹಿಂದಿನ ಆ ಸಂಜೆ ಮೇಜಿನ ಬಟ್ಟೆಯ ಕೆಳಗೆ ಹುಲ್ಲು ಹರಡಿ, ಹನ್ನೆರಡು ಬಗೆಯ ತಿನಿಸು ಇಟ್ಟಿದ್ದಳು. ಮಾಂಸವಿಲ್ಲ, ಹಸುವಿನ ಹಾಲಿಲ್ಲ. ಹೆರಿಂಗ್ ಮೀನು, ಬೀಟ್‌ರೂಟು, ಅಣಬೆ, ಕೊನೆಗೆ ಬೆರಳ ತುದಿಯಷ್ಟು ಗಟ್ಟಿ ಬಿಸ್ಕತ್ತುಗಳು ತೇಲುವ ಗಸಗಸೆ ಹಾಲು. ಒಂದು ತಟ್ಟೆ ಖಾಲಿ, ಅದರ ಪಕ್ಕ ಮೇಣದಬತ್ತಿ. ತೌತ್ವಿದಾಸನ ಅಪ್ಪ ಪ್ರಾನಸ್ ಆ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ. ಕೊಟ್ಟಿಗೆಗೆ ಬಳೆ ಜಡಿದವನು ಅವನೇ.

ಹನ್ನೆರಡರಲ್ಲಿ ಒಂದನ್ನಾದರೂ ರುಚಿ ನೋಡದೆ ಬಿಟ್ಟವನು ಮುಂದಿನ ವರ್ಷದ ಈ ಊಟಕ್ಕೆ ಇರುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ತೌತ್ವಿದಾಸ್ ಹನ್ನೊಂದನ್ನು ತಿಂದು ಚಮಚ ಕೆಳಗಿಟ್ಟ.

"ಯಾಕೆ ಮಗಾ?" ಎಂದಳು ಗೆನೊವೈತೆ.

"ಹೊಟ್ಟೆ ತುಂಬ್ತು ಅಮ್ಮಾ."

"ನಿನ್ನ ಹೊಟ್ಟೇನಾ? ಬೆಳಿಗ್ಗೆಯಿಂದ ಕೂತು ಅರೆದಿದ್ದೀನಿ. ತೋಳು ನೋಡು, ಹೇಗೆ ಊದಿದೆ."

ಸೊಸೆ ಉಗ್ನೆ ಆ ತೋಳನ್ನು ನೋಡಿದಳು. ಉಗ್ನೆ ಶಾಲೆಯಲ್ಲಿ ಗಣಿತ ಕಲಿಸುವವಳು, ಯಾವುದನ್ನೂ ಎರಡು ಸಲ ಲೆಕ್ಕ ಹಾಕದೆ ನಂಬುವವಳಲ್ಲ. "ಊದಿಲ್ಲವಲ್ಲ ಅತ್ತೆ," ಎಂದಳು.

"ನಿನ್ನ ಕಣ್ಣಿಗೆ ನಾನು ಸತ್ತರೂ ಮಲಗಿದ ಹಾಗೇ ಕಾಣೋದು," ಎಂದಳು ಗೆನೊವೈತೆ.

ತೌತ್ವಿದಾಸ್ ಖಾಲಿ ತಟ್ಟೆಯನ್ನು ನೋಡಿದ, ತಾಯಿಯ ಮುಖ ನೋಡಿದ. ಅಪ್ಪ ಇಲ್ಲದ ಮೊದಲ ಹಬ್ಬ. ಇದೊಂದನ್ನು ಹೇಗೆ ಬೇಡ ಎನ್ನುವುದು? ಒಂದು ಬಟ್ಟಲು ಕುಡಿದ. ತಾಯಿ ಇನ್ನೊಂದು ಬಡಿಸಿದಳು. ಮೂರಾಯಿತು. ಊಟವಾದ ಮೇಲೆ ರೂಢಿಯಂತೆ ಎಲ್ಲರೂ ಮೇಜುಬಟ್ಟೆಯ ಕೆಳಗಿನಿಂದ ಕಣ್ಣುಮುಚ್ಚಿ ಒಂದೊಂದು ಹುಲ್ಲುಕಡ್ಡಿ ಎಳೆದರು. ಉದ್ದ ಬಂದರೆ ವರ್ಷ ಒಳ್ಳೆಯದು. ತೌತ್ವಿದಾಸನಿಗೆ ಬಂದದ್ದು ಉಗುರಿನಷ್ಟು. ಅವನು ಅದನ್ನು ಬೆರಳಲ್ಲಿ ಹೊಸಕಿ ಜೇಬಿಗೆ ಹಾಕಿಕೊಂಡ.

ಹೊರಡುವಾಗ ಗೆನೊವೈತೆ ಒಂದು ದೊಡ್ಡ ಜಾಡಿ ತುಂಬ ಉಳಿದ ಹಾಲು ಕೊಟ್ಟಳು. ಇಪ್ಪತ್ತಾರರ ಬೆಳಿಗ್ಗೆ ಅವನು ಅದನ್ನೂ ಮುಗಿಸಿದ. ಎಸೆಯುವುದಕ್ಕೆ ಕೈ ಬರಲಿಲ್ಲ, ಅಷ್ಟೇ.

ಮಧ್ಯಾಹ್ನದ ಮ್ಯಾಚಿನಲ್ಲಿ ಅವನು ಇಪ್ಪತ್ತೆರಡು ಅಂಕ ಗಳಿಸಿದ. ಜನ ಕುಣಿದ ರಭಸಕ್ಕೆ ಸರೋವರದ ಮಂಜುಗಡ್ಡೆ ಬಿರುಕು ಬಿಟ್ಟಿತು. ಕೊನೆಯ ಸೀಟಿಯ ಹಿಂದೆಯೇ ಹಳದಿ ಅಂಗಿಯ ಹೆಂಗಸೊಬ್ಬಳು ಬಂದು ಅವನ ಮೊಣಕೈ ಮುಟ್ಟಿದಳು. ಭುಜ ಅವಳಿಗೆ ಎಟುಕಲಿಲ್ಲ.

"ಮದ್ದಿನ ಪರೀಕ್ಷೆಗೆ ಚೀಟಿ ಎತ್ತಿದ್ವಿ. ನಿಮ್ಮ ನಂಬರ್ ಬಂದಿದೆ. ಇನ್ಮೇಲೆ ನನ್ನ ಕಣ್ಣಳತೆಯಿಂದ ಆಚೆ ಹೋಗ್ಬೇಡಿ."

ಅವನ ಬೆವರು ಮೈಮೇಲೇ ತಣ್ಣಗಾಯಿತು. ಚಪ್ಪಾಳೆ ದೂರದ ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಜೇಬಿನಲ್ಲಿ ಆ ತುಂಡು ಹುಲ್ಲು ಇಲ್ಲದಿದ್ದರೂ ತೊಡೆಗೆ ಚುಚ್ಚಿದಂತಾಯಿತು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ನೀರಿನ ಬಾಟಲಿಗಳು, ಬೂದು ಸ್ವೆಟರಿನ ಅಧಿಕಾರಿ. ಚೀಟಿಯಲ್ಲಿ ಬಂದ ಇನ್ನೊಬ್ಬ ಅವನ ತಂಡದ ಅಮೆರಿಕದ ಹುಡುಗ ಡೆವಾನ್. ಡೆವಾನ್ ಎರಡೇ ನಿಮಿಷದಲ್ಲಿ ಮೂತ್ರದ ಲೋಟ ತುಂಬಿಸಿ ಶಿಳ್ಳೆ ಹಾಕುತ್ತ ಬಂದ.

"ನಿನಗೂ ಆ ಬೂದು ಸೂಪು ಕೊಟ್ರಾ ಗುರು?" ಎಂದು ತೌತ್ವಿದಾಸನ ಕಿವಿಯಲ್ಲಿ ಕೇಳಿದ. "ನನ್ನ ಮನೆ ಓನರಮ್ಮ ಕೊಟ್ಳು. ಸಿಮೆಂಟು ಕಲಸಿದ ಹಾಗಿತ್ತು. ಗಿಡಕ್ಕೆ ಸುರಿದೆ. ಪಾಪ, ಗಿಡ ನಿದ್ದೆ ಹೋಗಿರ್ಬೇಕು."

"ಹೋಗೋ, ಸ್ನಾನ ಮಾಡ್ಹೋಗು," ಎಂದ ತೌತ್ವಿದಾಸ್.

ಅವನಿಗೆ ಒಂದು ಹನಿಯೂ ಬರಲಿಲ್ಲ. ಭಯ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಬಿಗಿದುಬಿಟ್ಟಿತ್ತು. ಒಂಬತ್ತು ಬಾಟಲಿ ನೀರು ಕುಡಿದ. ಮೂರನೆಯದಕ್ಕೆ ಊರಿನ ನಲ್ಲಿಗಳಲ್ಲಿ ನೀರು ಸಣ್ಣಗಾಯಿತು, ಆರನೆಯದಕ್ಕೆ ಅಗ್ನಿಶಾಮಕದವರು ಫೋನ್ ಮಾಡಿ ವಿಚಾರಿಸಿದರು. ಲೋಟ ತುಂಬುವವರೆಗೂ ಒಬ್ಬ ಪಕ್ಕದಲ್ಲೇ ನಿಂತು ನೋಡುತ್ತಿರಬೇಕು, ಅದು ನಿಯಮ. ಎರಡು ಗಂಟೆಯಾದ ಮೇಲೆ ಅಂತೂ ತುಂಬಿತು. ಹಳದಿ ಬಣ್ಣದ ಆ ಲೋಟವನ್ನು ತನ್ನ ಕೈಯಾರೆ ಎರಡು ಬಾಟಲಿಗೆ ಬಗ್ಗಿಸಿ ಮುಚ್ಚಳ ತಿರುಗಿಸುವಾಗ, ಹದಿನಾರು ವರ್ಷವನ್ನು ಅದರೊಳಗೆ ಹಾಕಿ ಬೀಗ ಜಡಿದಂತೆ ಅನಿಸಿತು.

"ಕಳೆದ ಏಳು ದಿನದಲ್ಲಿ ತಗೊಂಡ ಔಷಧಿ, ಮಾತ್ರೆ, ಪುಡಿ ಎಲ್ಲಾ ಇಲ್ಲಿ ಬರೀರಿ," ಎಂದ ಅಧಿಕಾರಿ.

"ವಿಟಮಿನ್ನು ತಗೋತೀನಿ."

"ಬರೀರಿ. ಇನ್ನೇನಾದ್ರೂ?"

ಪೆನ್ನು ಕಾಗದದ ಮೇಲೆ ನಿಂತಿತು. ಗಸಗಸೆ ಹಾಲು ಎಂದು ಬರೆದರೆ ಅದನ್ನೇ ಹುಡುಕುತ್ತಾರೆ. ಡಾಕ್ಟರಿಗೆ ಸಹಿ ಹಾಕಿಕೊಟ್ಟ ಮಾತೂ ಹೊರಬೀಳುತ್ತದೆ. ಬರೆಯದೆ ಸಿಕ್ಕಿಬಿದ್ದರೆ ಕಳ್ಳ. ಅದಕ್ಕಿಂತ ಹೆಚ್ಚಾಗಿ, ನಾಳೆ ಪತ್ರಿಕೆಯವರು ಯಾರ ಮನೆಯ ಹಾಲು ಎಂದು ಕೇಳುತ್ತಾರೆ. ಗಂಡನನ್ನು ಕಳೆದುಕೊಂಡ ಎಂಟು ತಿಂಗಳಿಗೆ, ಮಗನ ಬದುಕನ್ನೂ ನನ್ನ ಕೈಯೇ ತೆಗೆಯಿತು ಎಂದು ಅವಳಿಗೆ ಗೊತ್ತಾಗಬೇಕೆ?

"ಇನ್ನೇನಿಲ್ಲ," ಎಂದ. ಸಹಿ ಹಾಕಿದ. ತನಗೆ ಕೊಟ್ಟ ಗುಲಾಬಿ ಬಣ್ಣದ ಪ್ರತಿಯನ್ನೂ ತೆಗೆದುಕೊಳ್ಳದೆ ಎದ್ದು ಓಡಿದ. ಬಾಗಿಲ ಮೇಲ್ಪಟ್ಟಿಗೆ ಹಣೆ ಹೊಡೆಯಿತು. ಪಟ್ಟಿ ಇನ್ನೂ ಸೊಟ್ಟಗಿದೆ.

ಮರುದಿನ ಬೂಟ್ಕುಸ್ ಮೊಣಕಾಲು ನೀವುತ್ತಿದ್ದಾಗ, ತೌತ್ವಿದಾಸ್ ಯಾರದೋ ಮಾತೆಂಬಂತೆ ಕೇಳಿದ. "ಆ ಪರೀಕ್ಷೆ ಫಲಿತಾಂಶ ಯಾವಾಗ ಬರುತ್ತೆ ಡಾಕ್ಟ್ರೇ?"

"ಏನೂ ಸಿಗದಿದ್ರೆ ಅವರು ಸಾಮಾನ್ಯವಾಗಿ ಕಾಗದ ಹಾಕೋ ಗೋಜಿಗೇ ಹೋಗಲ್ಲ. ಕಾಗದ ಬಂತು ಅಂದ್ರೆ, ಆ ಕಾಗದವೇ ಉತ್ತರ. ಯಾಕೆ, ನೀನೇನಾದ್ರೂ ತಿಂದ್ಯಾ?"

"ಇಲ್ಲಪ್ಪ."

"ಹಾಗಾದ್ರೆ ಕಾಲ್ಯಾಕೆ ಹೀಗೆ ನಡುಗ್ತಿದೆ?"

"ಎಣ್ಣೆ ತಣ್ಣಗಿದೆ," ಎಂದ ತೌತ್ವಿದಾಸ್.

ಅಂದಿನಿಂದ ಅವನು ಮನುಷ್ಯನಾಗಿ ಉಳಿಯಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದನ್ನು ದಿಂಬಿನ ಕೆಳಗೆ ಹೂತು ಮೇಲೆ ಕೂರುತ್ತಿದ್ದ. ಅಂಚೆಯವಳ ಸೈಕಲ್ಲು ಬೀದಿ ತಿರುಗಿದರೆ ಪರದೆಯ ಹಿಂದೆ ಅಡಗುತ್ತಿದ್ದ. ಪರದೆ ಮೊಣಕಾಲಿನವರೆಗಷ್ಟೇ ಬರುತ್ತಿತ್ತು. ಅಂಚೆಯವಳು ಕಿಟಕಿಯಲ್ಲಿ ಎರಡು ದೊಡ್ಡ ಪಾದ ನೋಡಿ, "ನಮಸ್ಕಾರ ತೌತ್ವಿದಾಸ್" ಎಂದು ಹೇಳಿ ಹೋಗುತ್ತಿದ್ದಳು. ಆಟದ ಅಂಗಳದಲ್ಲಿ ನಿಂತು ಚೆಂಡು ಎಸೆಯಬೇಕಾದಾಗ ಆ ಎರಡು ಮುಚ್ಚಳದ ಬಾಟಲಿಗಳು ಕಣ್ಣೆದುರು ಬರುತ್ತಿದ್ದವು. ಹತ್ತರಲ್ಲಿ ಒಂಬತ್ತನ್ನು ಬಳೆಯೊಳಗೆ ಬೀಳಿಸುತ್ತಿದ್ದವನು ಒಂಬತ್ತು ತಪ್ಪಿಸಿದ. ಕೋಚ್ ಅವನನ್ನು ಬೆಂಚಿನಲ್ಲಿ ಕೂರಿಸಿದ. ಮಾರ್ಚಿಯ ಸಹಿಯ ಮಾತನ್ನು ಯಾರೂ ಎತ್ತಲಿಲ್ಲ.

ಜನವರಿ ಕಳೆಯಿತು. ಕಾಗದವಿಲ್ಲ. ಇನ್ನು ಬರಲಿಕ್ಕಿಲ್ಲ ಎಂದು ಮೊದಲ ಸಲ ಹೊಟ್ಟೆ ತುಂಬ ಉಂಡ ದಿನ, ಫೆಬ್ರುವರಿ ಹನ್ನೆರಡರಂದು, ಅಂಚೆಯವಳು ಬಾಗಿಲ ಸಂದಿಯಿಂದ ಬಿಳಿ ಲಕೋಟೆ ತೂರಿಸಿ ಹೋದಳು. ಮೂಲೆಯಲ್ಲಿ ಪರೀಕ್ಷೆಯವರ ಮುದ್ರೆ.

ಅವನು ಅದನ್ನು ಒಡೆಯಲಿಲ್ಲ. ಬೂಟಿನೊಳಗೆ ಬಚ್ಚಿಟ್ಟ. ಅವನ ಬೂಟೆಂದರೆ ದೋಣಿ. ಅದರಲ್ಲಿ ಲಕೋಟೆಯೇನು, ಅಂಚೆಕಚೇರಿಯನ್ನೇ ಬಚ್ಚಿಡಬಹುದು. ನಾಲ್ಕು ದಿನ ಆ ಬೂಟು ಬಾಗಿಲ ಬಳಿ ಕೂತು ಅವನನ್ನು ನೋಡಿತು.

ಫೆಬ್ರುವರಿ ಹದಿನಾರು, ಸ್ವಾತಂತ್ರ್ಯದ ದಿನ, ಮನೆಮನೆಗೂ ಬಾವುಟ ಕಟ್ಟಿದ್ದಾಗ, ಅವನು ಲಕೋಟೆಯನ್ನು ಕೋಟಿನ ಜೇಬಿಗೆ ಸೇರಿಸಿ, ಉಗ್ನೆಯನ್ನು ಕಾರಿನಲ್ಲಿ ಕೂರಿಸಿಕೊಂಡು ತಾಯಿಯ ಮನೆಗೆ ಹೊರಟ. ದಾರಿಯಲ್ಲಿ ಎಲ್ಲವನ್ನೂ ಹೇಳಿದ.

"ಒಡೆದು ನೋಡು," ಎಂದಳು ಉಗ್ನೆ.

"ನೋಡಿದ್ರೆ ನಿಜ ಆಗಿಬಿಡುತ್ತೆ."

"ನೋಡದಿದ್ರೆ?"

"ನಾಳೆ ಮೊಣಕಾಲು ಹೋಯ್ತು ಅಂತ ಹೇಳಿ ಆಟ ಬಿಟ್ಟುಬಿಡ್ತೀನಿ. ಬಿಟ್ಟವನ ಹಿಂದೆ ಯಾರು ಬರ್ತಾರೆ? ವಿಷಯ ಹೊರಗೆ ಬಂದ್ರೂ ನಾನೇ ನೋವಿಗೆ ಮಾತ್ರೆ ನುಂಗಿದೆ ಅಂತೀನಿ. ಅಮ್ಮನ ಹೆಸರು ಬರಬಾರ್ದು."

"ಮಕ್ಕಳಿಗೆ ಕಲಿಸೋ ಕೆಲಸ?"

"ಮಾತ್ರೆ ನುಂಗಿದವನ ಕೈಗೆ ಯಾರು ಮಕ್ಕಳನ್ನ ಕೊಡ್ತಾರೆ ಉಗ್ನೆ?"

ಗೆನೊವೈತೆ ಆಲೂಗಡ್ಡೆ ರೊಟ್ಟಿ ಮಾಡಿದ್ದಳು, ಮೇಲೆ ಹುಳಿ ಕೆನೆ. ತೌತ್ವಿದಾಸ್ ಮುಟ್ಟಲಿಲ್ಲ.

"ಅಮ್ಮಾ, ನಾಳೆ ಆಟ ಬಿಡ್ತಿದ್ದೀನಿ," ಎಂದ. "ಮೊಣಕಾಲು."

ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದ. ಆದರೆ ಲಕೋಟೆ ಕೋಟಿನ ಜೇಬಿನಿಂದ ಇಣುಕುತ್ತಿತ್ತು, ಉಗ್ನೆ ಅದನ್ನು ತೆಗೆದು ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಳು. "ಮೊಣಕಾಲಲ್ಲ ಅತ್ತೆ. ಇದು. ಗಸಗಸೆ ಹಾಲು ಕುಡಿದು ಪರೀಕ್ಷೆಗೆ ಹೋಗಿದ್ದಾನೆ. ಅದರಲ್ಲಿ ಅಫೀಮು ಕಾಣಿಸುತ್ತಂತೆ. ಮಾತ್ರೆ ನುಂಗಿದೆ ಅಂತ ತಾನೇ ಸುಳ್ಳು ಹೇಳಿ, ನಿಮ್ಮನ್ನ ಉಳಿಸ್ತಾನಂತೆ."

ಎರಡು ಮೀಟರ್ ಹನ್ನೊಂದು ಸೆಂಟಿಮೀಟರಿನ ಮಗ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಆ ಅಂಗೈ ಎಷ್ಟು ದೊಡ್ಡವೆಂದರೆ ಮುಖವೇ ಕಾಣೆಯಾಯಿತು. ಮೇಜು ಅವನ ನಡುಕಕ್ಕೆ ಸಣ್ಣಗೆ ಟಕಟಕ ಎನ್ನುತ್ತಿತ್ತು.

ಗೆನೊವೈತೆ ಅಲ್ಲಿಯೇ ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಚಹಾ ಬಗ್ಗಿಸಿದಳು, ಸಕ್ಕರೆ ಕಲಕಿದಳು, ಮತ್ತೆ ಕಲಕಿದಳು. ಒಂದು ಲೋಟ ಚಹಾ ಆರುವಷ್ಟು ಹೊತ್ತು ಮಗನನ್ನು ನಡುಗಲು ಬಿಟ್ಟಳು. ಇಗರ್ಜಿಯ ಹಾಡುಗಾರ್ತಿಯರು, ಊದಿದ ತೋಳು, ಜಿಲ್ಲೆಯ ಹೆಸರು, ಎಲ್ಲ ಆ ಮಾತಿಗೆ ಅಡ್ಡ ಕೂತಿದ್ದವು.

ಉಗ್ನೆ ಅಷ್ಟರಲ್ಲಿ ಎದ್ದು ಕಿಟಕಿಯ ಹತ್ತಿರ ಹೋಗಿದ್ದಳು. ಅಲ್ಲಿ ದೊಣ್ಣೆಮೆಣಸಿನ ಸಸಿಗಳು ಮೊಳೆತಿದ್ದವು. ನಮ್ಮಲ್ಲಿ ಯಾರೂ ಸಸಿಗೆ ಕುಂಡ ಕೊಳ್ಳುವುದಿಲ್ಲ, ಖಾಲಿ ಹಾಲಿನ ಡಬ್ಬಗಳನ್ನು ಅಡ್ಡ ಕತ್ತರಿಸಿ ಮಣ್ಣು ತುಂಬುತ್ತೇವೆ. ಉಗ್ನೆ ಒಂದನ್ನು ತಿರುಗಿಸಿ ನೋಡಿದಳು. ಇನ್ನೊಂದನ್ನು ತಿರುಗಿಸಿದಳು.

"ಅತ್ತೆ, ನಿಮಗೆ ಅಂಗಡಿಯ ಬಾದಾಮಿ ಹಾಲು ಅಂದ್ರೆ ಆಗಲ್ಲ ಅಲ್ವಾ? ಬಾದಾಮಿ ಹಿಂಡೋರಿಗೆ ಮೈಗಳ್ಳರು ಅಂತೀರಿ."

"ಅಂತೀನಿ. ಏನೀಗ?"

"ಇಲ್ಲಿ ಅದರದ್ದೇ ಆರು ಡಬ್ಬ ಇದೆ. ಆರಕ್ಕೂ ತಾರೀಕು ಡಿಸೆಂಬರಿನದ್ದೇ."

ತೌತ್ವಿದಾಸ್ ಕೈ ತೆಗೆದು ತಾಯಿಯನ್ನು ನೋಡಿದ. ಒಂಬತ್ತನೆಯ ವಯಸ್ಸಿನಲ್ಲಿ, ಚೆಂಡು ಎಲ್ಲಿ ಹೋಯಿತಮ್ಮ ಎಂದು ಕೇಳುವಾಗ ನೋಡಿದ ಹಾಗೇ.

"ಅಮ್ಮಾ, ನಾನು ಕುಡಿದದ್ದು ಏನು?"

ಇನ್ನು ಬಚ್ಚಿಡುವುದಕ್ಕೆ ಜಾಗವಿಲ್ಲ. ಆ ಗೆನೊವೈತೆ ನಾನೇ. ಎಪ್ಪತ್ತೊಂದು ಎಂದರೆ ಎಲ್ಲರೂ ನಂಬುತ್ತಾರೆ.

ಅದು ಬಾದಾಮಿ ಹಾಲು. ಆರು ಡಬ್ಬ ಬಿಸಿ ಮಾಡಿ, ಜೇನು ಹಾಕಿ, ಕಪ್ಪು ಚುಕ್ಕೆ ಕಾಣಲೆಂದು ಹಳೆಯ ಗಸಗಸೆ ಒಂದು ಚಮಚ ಉದುರಿಸಿದ್ದೆ. ಒಂದೇ ಚಮಚ. ನಲವತ್ತು ವರ್ಷದಲ್ಲಿ ನಾನು ಒಂದು ಸಲವೂ ಅರೆದವಳಲ್ಲ. ಅರೆಯುತ್ತಿದ್ದವನು ಪ್ರಾನಸ್. ಬೆಳಿಗ್ಗೆಯಿಂದ ಆ ಬೋಗುಣಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೂರುತ್ತಿದ್ದ, ಊರಿಗೆ ನೀನೇ ಅರೆದದ್ದು ಅಂತ ಹೇಳು ಎನ್ನುತ್ತಿದ್ದ, ಗಂಡಸು ಅರೆದರೆ ನಗುತ್ತಾರೆ ಎಂದು. ನಾನು ಹೇಳುತ್ತಾ ಹೋದೆ, ಹೇಳುತ್ತಾ ಹೇಳುತ್ತಾ ಅರೆಯುವುದು ನನ್ನ ತೋಳೇ ಎನ್ನಿಸಿತು. ಈ ಸಲ ಬೋಗುಣಿ ಇಳಿಸಿ, ಗುಂಡು ಹಿಡಿದೆ. ಗುಂಡಿನ ಹಿಡಿಯಲ್ಲಿ ಅವನ ಹೆಬ್ಬೆರಳಿನ ಗುಳಿ ಇತ್ತು. ಮತ್ತೆ ಮೇಲಿಟ್ಟುಬಿಟ್ಟೆ.

ಇಷ್ಟನ್ನೂ ಅವರಿಬ್ಬರಿಗೆ ಹೇಳಿದೆ. ತೌತ್ವಿದಾಸ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಉಗ್ನೆ ಬ್ರೆಡ್ಡಿನ ಚಾಕುವಿನಿಂದ ಲಕೋಟೆ ಸೀಳಿದಳು. ಒಳಗೆ ಗುಲಾಬಿ ಕಾಗದ ಒಂದು, ನಾಲ್ಕು ಸಾಲಿನ ಚೀಟಿ ಒಂದು: ಪರೀಕ್ಷೆಯಲ್ಲಿ ಏನೂ ಕಂಡುಬಂದಿಲ್ಲ, ತಾವು ಮೇಜಿನ ಮೇಲೆ ಮರೆತುಹೋದ ಪ್ರತಿಯನ್ನು ಕಳಿಸಿದ್ದೇವೆ.

"ಐವತ್ತು ದಿನ," ಎಂದ ತೌತ್ವಿದಾಸ್. ಅಷ್ಟೇ ಅಂದ. ಆಮೇಲೆ ಆರಿದ ರೊಟ್ಟಿ ಹನ್ನೊಂದು ತಿಂದ. ನಿಜವಾಗಿ ನಾಲ್ಕು. ಮಾರ್ಚಿ ಒಂದರಂದು ಸಹಿ ಆಯಿತು, ಎರಡು ವರ್ಷಕ್ಕಲ್ಲ, ಒಂದಕ್ಕೆ. ಬೆಂಚಿನಲ್ಲಿ ಕೂತ ಜನವರಿಯನ್ನು ತಂಡದವರು ಮರೆತಿರಲಿಲ್ಲ. ಅದು ನನ್ನ ಪಾಲಿನ ತಪ್ಪು.

ಟರ್ಕಿಯಲ್ಲಿ ಬೀದಿ ಇಲ್ಲ. ಒಂದು ಹೋಟೆಲಿನ ಗೋಡೆಯಲ್ಲಿ ಅವನ ಫೋಟೊ ಇತ್ತು, ಈಗ ಆ ಹೋಟೆಲೂ ಇಲ್ಲ. ಗ್ರೀಸಿನ ಬೆಟ್ಟವನ್ನು ಅವನು ನೋಡಿದ್ದು ಬಸ್ಸಿನ ಕಿಟಕಿಯಿಂದ.

ಆ ಚೆಂಡು ಎಸೆದ ದಿನವೇ ಕೆಳಗೆ ಬಂತು. ಕೊಟ್ಟಿಗೆಯ ಮಾಡಿನ ಮೇಲೆ ಸಿಕ್ಕಿಕೊಂಡಿತ್ತು. ಪ್ರಾನಸ್ ಏಣಿ ಹಾಕಿ ಇಳಿಸಿದ, ಏಣಿಯನ್ನು ನಾನು ಹಿಡಿದುಕೊಂಡಿದ್ದೆ.